ಗಂಟಲಿಗೆ ರಜೆ

ಮಾರ್ಚ್ 4, ಮಂಗಳವಾರ

ಇವತ್ತು ನನ್ನ ಬಾಯಿಗೆ ಬೀಗ ಬಿತ್ತು. ಹಾಕಿದವರು ಗಂಟಲಿನ ಡಾಕ್ಟರಮ್ಮ. ಮೂಗಿನೊಳಗಿಂದ ತೆಳ್ಳಗಿನ ಕೊಳವೆ ಇಳಿಸಿ, ನನ್ನ ಗಂಟಲನ್ನು ನನಗೇ ಟಿ.ವಿ.ಯಲ್ಲಿ ತೋರಿಸಿದರು. ದನಿ ಹುಟ್ಟುವ ಎರಡು ಬಿಳಿ ಪಟ್ಟಿ, ಅವುಗಳ ಅಂಚಿನಲ್ಲಿ ಎದುರುಬದುರಾಗಿ ಎರಡು ಗಂಟು. ಅಕ್ಕಿಕಾಳಿನಷ್ಟೂ ಇಲ್ಲ. ಇಷ್ಟಕ್ಕೆ ಎರಡು ತಿಂಗಳಿಂದ ನನ್ನ ದನಿ ಒಡೆದ ಮಡಕೆಯಂತಾಗಿದೆ.

"ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಬಸ್ ಸ್ಟ್ಯಾಂಡಲ್ಲಿ ಅನೌನ್ಸರು. ಇಪ್ಪತ್ತೊಂದು ವರ್ಷ ಆಯ್ತು."

"ಮನೇಲಿ?"

"ಮನೇಲೂ ಅದೇ ಕೆಲಸ."

ಅವರಿಗೆ ನಗು ಬರಲಿಲ್ಲ. ಎರಡು ವಾರ ಒಂದಕ್ಷರವೂ ಬಾಯಿಂದ ಹೊರಡಕೂಡದು ಎಂದರು. ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ಬಿಸಿನೀರಿನ ಹಬೆ, ಗಂಟೆಗೊಂದು ಲೋಟ ನೀರು, ಮಧ್ಯಾಹ್ನ ಒರಗಿಕೊಂಡು ಸುಮ್ಮನಿರುವುದು. ಗಂಟು ಕರಗದಿದ್ದರೆ ಆಪರೇಷನ್. ಆದ ಮೇಲೆ ಇದೇ ದನಿ ವಾಪಸ್ಸು ಬರುತ್ತದೆಂಬ ಖಾತ್ರಿ ಇಲ್ಲ. ದನಿ ಹೋದ ಅನೌನ್ಸರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ತುಟಿಯ ಮೇಲೆ ಬೆರಳಿಟ್ಟರು.

"ನಿಮ್ಮನ್ನ ನೀವು ಸ್ವಲ್ಪ ಮುದ್ದಾಗಿ ನೋಡ್ಕೊಳ್ಳಿ," ಎಂದು ಹೇಳಿ ಕಳಿಸಿದರು. ನಲವತ್ತೆಂಟು ವರ್ಷದ ಹೆಂಗಸಿಗೆ ಹೇಳುವ ಮಾತೇ ಇದು? ಮುದ್ದು ಮಾಡಲು ನಾನೇನು ಬೆಕ್ಕಿನ ಮರಿಯೇ?

ಬರುವ ದಾರಿಯಲ್ಲಿ ಎರಡು ನೋಟ್‌ಬುಕ್ ಕೊಂಡೆ. ಚಿಕ್ಕದು ಮಾತಿಗೆ, ಬರೆದು ಎಲ್ಲರಿಗೂ ತೋರಿಸಲು. ದೊಡ್ಡದು ಇದು, ನನಗೊಬ್ಬಳಿಗೆ. ಯಾರಾದರೂ ಕದ್ದು ಓದಿದರೆ ಮುಂದಿನದಕ್ಕೆ ಅವರೇ ಜವಾಬ್ದಾರರು.

ಮಾರ್ಚ್ 5, ಬುಧವಾರ

ಏಳೂವರೆಯಾದರೂ ಮನೆ ಎದ್ದಿರಲಿಲ್ಲ. ಏಳುವುದಾದರೂ ಹೇಗೆ? ಈ ಮನೆ ನಡೆಯುವುದೇ ನನ್ನ ಕೂಗಿನ ಮೇಲೆ. ಮಗಳನ್ನು ಅಡುಗೆಮನೆಯಿಂದ ನಾಲ್ಕು ಸಲ ಕೂಗಿದರೆ ಐದನೆಯದಕ್ಕೆ ಕಣ್ಣು ಬಿಡುತ್ತಾಳೆ. ನನ್ನ ಗಂಡ ಕನ್ನಡಕದ ಅಂಗಡಿ ಇಟ್ಟಿದ್ದಾರೆ, ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುತ್ತಾರೆ, ಆದರೆ ಅಂಗಡಿಯ ಬೀಗದಕೈ ಎಲ್ಲಿದೆ ಎಂದು ದಿನಾ ನಾನೇ ಕೂಗಿ ಹೇಳಬೇಕು. ಅತ್ತೆಗೆ ಕಿವಿ ಮಂದ. ಹದಿನೈದು ವರ್ಷದಿಂದ ನಾನು ಗಂಟಲು ಹರಿದುಕೊಂಡು ಹೇಳಿದ್ದಕ್ಕೆಲ್ಲ "ಏನಂದೆ?" ಎನ್ನುತ್ತಾರೆ. ಅದೇ ತಮ್ಮ ಮಗ ಪಕ್ಕದಲ್ಲಿ ಕೂತು ಗೊಣಗಿದರೂ ಸಾಕು, ಎಲ್ಲ ಕೇಳಿಸುತ್ತದೆ. ಆ ಕಿವಿಗೆ ಪಕ್ಷಪಾತ ಎಂದು ನಾನು ಎಂದೋ ತೀರ್ಮಾನಿಸಿದ್ದೇನೆ.

ಮಗಳು ಎಂಟೂವರೆಗೆ ಕೂದಲು ಕೆದರಿಕೊಂಡು ಓಡಿ ಬಂದಳು. "ಅಮ್ಮಾ, ಯಾಕೆ ಎಬ್ಬಿಸ್ಲಿಲ್ಲ?"

ಗಂಟಲು ತೋರಿಸಿದೆ.

"ಬಂದು ಮುಟ್ಟಿ ಎಬ್ಬಿಸಬಹುದಿತ್ತಲ್ಲ!"

ಅದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಹೋಗುತ್ತಿರಲಿಲ್ಲ. ಹದಿನೆಂಟು ವರ್ಷದ ಹುಡುಗಿ, ಎದ್ದುಕೊಳ್ಳಲಿ.

ಮಾರ್ಚ್ 8, ಶನಿವಾರ

ಡಾಕ್ಟರಮ್ಮ ಜಾಣೆಯಾದರೆ ನಾನು ಅವರಿಗಿಂತ ಜಾಣೆ. ಪಿಸುಮಾತು! ಅದರಲ್ಲಿ ದನಿಯೇ ಇಲ್ಲವಲ್ಲ, ಬರೀ ಉಸಿರು. ನಿನ್ನೆಯಿಂದ ಮನೆ ಮತ್ತೆ ಓಡುತ್ತಿದೆ. ಮಗಳ ಕೋಣೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟುತ್ತೇನೆ, ಗಂಡನಿಗೆ ಪಿಸುಗುಟ್ಟುತ್ತೇನೆ. ಅತ್ತೆ ಮಾತ್ರ ನನ್ನ ತುಟಿ ಅಲ್ಲಾಡುವುದನ್ನು ನೋಡಿ, "ಇವಳೇನು ನನಗೆ ಶಾಪ ಹಾಕ್ತಿದಾಳಾ?" ಎಂದು ಮಗನನ್ನು ಕೇಳಿದರು.

ನಿಲ್ದಾಣದಿಂದ ಗಡಿಯಾರ ಸಾಹೇಬರ ಫೋನು. ಅವರು ನಮ್ಮ ಮೇಲಧಿಕಾರಿ. ಬಸ್ಸು ಹೊರಡುವಾಗ ಗಡಿಯಾರ ನೋಡುವುದು ಬಿಟ್ಟರೆ ಅವರಿಗೆ ಬೇರೆ ಕಸುಬಿಲ್ಲ, ಅದಕ್ಕೇ ನಾವು ಇಟ್ಟ ಹೆಸರು ಅದು. "ಏನಮ್ಮಾ, ನೆಗಡಿಗೆಲ್ಲ ಎರಡು ವಾರ ರಜಾನಾ? ಇಲ್ಲಿ ಟಿಕೆಟ್ ಕೌಂಟರ್ ಹುಡುಗೀನ ಮೈಕಿಗೆ ಕೂರಿಸಿದೀನಿ, ಅವಳು ಕೂಗಿದ್ದು ಮೂರನೇ ಪ್ಲಾಟ್‌ಫಾರ್ಮಿಗೂ ಮುಟ್ಟಲ್ಲ," ಎಂದರು. ಇದು ನೆಗಡಿಯಲ್ಲ ಎಂದು ಪಿಸುಗುಟ್ಟಿದೆ. "ಕೇಳಿಸ್ತಿಲ್ಲ, ಜೋರಾಗಿ ಹೇಳಿ," ಎಂದರು.

ಮಾರ್ಚ್ 12, ಬುಧವಾರ

ಹಬೆಗೆ ಪುರುಸೊತ್ತಾಗಲಿಲ್ಲ. ನೀರು ಎರಡು ಲೋಟ. ಯಾಕೋ ಕತ್ತಿನ ನರಗಳೆಲ್ಲ ಬಿಗಿದುಕೊಂಡಿವೆ.

ಮಾರ್ಚ್ 17, ಸೋಮವಾರ

ಗಂಟು ದಪ್ಪವಾಗಿವೆ. ಸುತ್ತ ಕೆಂಪು ಬೇರೆ.

"ಮಾತಾಡಿದ್ರಾ?" ಎಂದರು ಡಾಕ್ಟರಮ್ಮ. ತಲೆಯಾಡಿಸಿ ಇಲ್ಲವೆಂದೆ. ಚಿಕ್ಕ ನೋಟ್‌ಬುಕ್ಕಿನಲ್ಲಿ ಬಹಳ ಹೆಮ್ಮೆಯಿಂದ ಬರೆದು ತೋರಿಸಿದೆ: ಬರೀ ಪಿಸುಮಾತು.

ಅವರು ಪೆನ್ನು ಮೇಜಿನ ಮೇಲಿಟ್ಟರು. "ಪಿಸುಮಾತು ಕೂಗಿದಷ್ಟೇ ಕೆಟ್ಟದ್ದು ಕಣಮ್ಮಾ, ನೀವು ಪಿಸುಗುಟ್ಟೋ ರೀತಿಗಂತೂ ಅದಕ್ಕಿಂತ ಕೆಟ್ಟದ್ದು. ಹಿಂಡಿ ಹಿಂಡಿ ಉಸಿರು ತಳ್ತೀರಿ. ಇಷ್ಟು ದಿನ ಗಾಯದ ಮೇಲೆ ಗಾಯ ಮಾಡ್ಕೊಂಡಿದೀರಿ."

ಬೆಪ್ಪುತಕ್ಕಡಿ ಎಂದರೆ ನಾನೇ. ಇನ್ನು ಮೂರು ವಾರ, ಮೊದಲಿಂದ ಶುರು. ಏಪ್ರಿಲ್ ಏಳಕ್ಕೆ ಬನ್ನಿ, ಆಗಲೂ ಹೀಗೇ ಇದ್ದರೆ ಕತ್ತರಿಸುವುದೇ ಎಂದರು.

ಎದ್ದು ಬರುವಾಗ ಒಂದು ಪ್ರಶ್ನೆ ಕೇಳಿದರು: "ಅಲ್ಲ, ಮೈಕ್ ಇರುತ್ತಲ್ಲ? ಮೈಕ್ ಮುಂದೆ ಯಾರಾದ್ರೂ ಕೂಗ್ತಾರಾ?"

ನಾನು ಉತ್ತರ ಬರೆಯತೊಡಗಿದೆ. ನಮ್ಮ ಆಂಪ್ಲಿಫೈಯರ್ ಹಳೆಯದು, ಅರ್ಧ ದನಿಯನ್ನು ಅದೇ ನುಂಗುತ್ತದೆ, ಮೂರನೇ ಪ್ಲಾಟ್‌ಫಾರ್ಮ್ ದಾಟಬೇಕೆಂದರೆ ಹೊಟ್ಟೆಯಿಂದ ಕೂಗಬೇಕು, ರಿಪೇರಿಗೆ ಏಳು ಸಲ ಅರ್ಜಿ ಕೊಟ್ಟಿದ್ದೇನೆ, ನನ್ನ ದನಿ ದೊಡ್ಡದಿದ್ದುದರಿಂದ ಯಾರಿಗೂ ಅವಸರವಾಗಲಿಲ್ಲ. ಇಷ್ಟು ಬರೆದು ಓದಿಕೊಂಡಾಗ ಮೈ ಉರಿದುಹೋಯಿತು. ಇಪ್ಪತ್ತೊಂದು ವರ್ಷ ಒಂದು ಕೆಟ್ಟ ಪೆಟ್ಟಿಗೆಯ ಬದಲು ನಾನು ದುಡಿದಿದ್ದೇನೆ. ಅದಕ್ಕಾದರೂ ಹಗಲೆಲ್ಲ ಓಡಿದ ಮೇಲೆ ಸ್ವಿಚ್ ಆರಿಸುತ್ತಾರೆ.

ಡಾಕ್ಟರಮ್ಮನ ಮುಂದೆ ಅತ್ತುಬಿಟ್ಟೆ. ಅಳುವಾಗಲೂ ಸದ್ದು ಮಾಡಬೇಡಿ ಎಂದರು.

ಮಾರ್ಚ್ 18, ಮಂಗಳವಾರ

ಇವತ್ತಿನಿಂದ ಯಾರಿಗೂ ಒಂದು ಉಸಿರೂ ಬಿಟ್ಟಿ ಕೊಡುವುದಿಲ್ಲ. ಚಿಕ್ಕ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ದಪ್ಪಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ: "ಬೇಕಾದವರು ಹತ್ತಿರ ಬನ್ನಿ."

ಮಾರ್ಚ್ 22, ಶನಿವಾರ

ಮಗಳು ಫೋನಿನಲ್ಲಿ ಏನೋ ತೋರಿಸಿದಳು. ನಿಮ್ಮನ್ನು ನೀವು ಪ್ರೀತಿಸಲು ಇಪ್ಪತ್ತು ದಾರಿಗಳು. ಒಬ್ಬ ಹೆಂಗಸು ಹೂವಿನ ಪಕಳೆ ತೇಲಿಸಿದ ತೊಟ್ಟಿಯಲ್ಲಿ ಮಲಗಿ ಮೇಣದಬತ್ತಿ ನೋಡುತ್ತಿದ್ದಾಳೆ. ಪಕಳೆಯನ್ನೆಲ್ಲ ಆಮೇಲೆ ಬಳಿಯುವವರು ಯಾರು? ಅದನ್ನು ಇಪ್ಪತ್ತರಲ್ಲಿ ಎಲ್ಲೂ ಬರೆದಿಲ್ಲ.

ನನಗೆ ಪಾತ್ರೆ, ಬಿಸಿನೀರು, ಟವೆಲ್ ಸಾಕು. ತಲೆಯ ಮೇಲೆ ಟವೆಲ್ ಎಳೆದುಕೊಂಡು ಬಗ್ಗಿ ಕೂತರೆ ಹಬೆ ಮೂಗಿಗೆ, ಗಂಟಲಿಗೆ ನಿಧಾನ ಇಳಿಯುತ್ತದೆ. ಒಳಗೆ ಬೆಚ್ಚಗೆ, ಕತ್ತಲು. ಆ ಟವೆಲಿನ ಒಳಗೆ ಬಂದು "ನನ್ನ ಕಾಲುಚೀಲ ಎಲ್ಲಿ?" ಎಂದು ಕೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಡಾಕ್ಟರಮ್ಮ ಹೇಳಿದ್ದು ಹತ್ತು ನಿಮಿಷ. ನಾನು ಮನೆಯಲ್ಲಿ ಇಪ್ಪತ್ತು ಎಂದು ಬರೆದು ತೋರಿಸಿದ್ದೇನೆ. ನೀರು ಆರಿದ ಮೇಲೂ ಸುಮ್ಮನೆ ಒಳಗೇ ಕೂತಿರುತ್ತೇನೆ.

ನೀರು ಒಂಬತ್ತು ಲೋಟ. ಮಧ್ಯಾಹ್ನ ಕಿಟಕಿಯ ಪಕ್ಕ ಕಾಲು ನೀಡಿಕೊಂಡು ಒರಗಿದೆ. ಎದುರುಮನೆಯ ದರ್ಜಿ ಒಂದು ಕೋಟಿಗೆ ಆರು ಗುಂಡಿ ಹೊಲಿಯುವುದನ್ನು ಪೂರ್ತಿ ನೋಡಿದೆ. ಎಷ್ಟೋ ವರ್ಷದ ಮೇಲೆ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ನೋಡಿದೆ, ಅದೂ ನನ್ನದಲ್ಲದ ಕೆಲಸ. ತಪ್ಪು ಮಾಡಿದೆನೆಂದು ಒಂದು ಚೂರೂ ಅನಿಸಲಿಲ್ಲ. ಯಾಕೆ ಅನಿಸಬೇಕು?

ಮಗಳು ಈಗ ತಾನೇ ಏಳುತ್ತಾಳೆ. ಅದು ಹೇಗೋ ನನಗೆ ಗೊತ್ತಿಲ್ಲ, ಕೇಳಲೂ ಹೋಗಿಲ್ಲ.

ಮಾರ್ಚ್ 27, ಗುರುವಾರ

ಇವತ್ತು ಅತ್ತೆಗೂ ನನಗೂ ಜಗಳವಾಯಿತು. ನಾನು ಬರೆಯುವುದು, ಅವರು ಕನ್ನಡಕ ಏರಿಸಿ ಓದುವುದು, ಆಮೇಲೆ ಬಾಯಲ್ಲಿ ಉತ್ತರ ಕೊಡುವುದು. ಹೀಗೆ ಜಗಳವಾಡಿದರೆ ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಶುರುವಾದದ್ದು ಅವರ ಮಗನಿಂದ. ಅವರು ಊಟ ಮಾಡುತ್ತಾ ಅಮ್ಮನಿಗೆ ಅಂಗಡಿಯ ಸುದ್ದಿ ಹೇಳುತ್ತಿದ್ದರು, ಎಂದಿನಂತೆ ಗೊಣಗೊಣ. ಅತ್ತೆ ಹೂಂಗುಟ್ಟಿ ಕೇಳಿ, ನಡುವೆ ನಕ್ಕರು ಕೂಡ. ನನಗೆ ತಡೆಯಲಾಗಲಿಲ್ಲ. ಬರೆದೆ: "ಮಗನ ಮಾತು ಮಾತ್ರ ಹೇಗೆ ಕೇಳಿಸುತ್ತದೆ?"

ಅತ್ತೆ ಎರಡು ಸಲ ಓದಿದರು. "ಅವನು ಹತ್ತಿರ ಕೂತು ಮೆಲ್ಲಗೆ ಮಾತಾಡ್ತಾನೆ ಕಣೇ, ಕೇಳಿಸುತ್ತೆ. ನೀನು ಅಡುಗೆಮನೆಯಿಂದ ಕಿರಚ್ತೀಯ. ನನ್ನ ಕಿವಿಗೆ ಬರೀ ಗದ್ದಲ ಬರುತ್ತೆ, ಮಾತು ಬರಲ್ಲ."

"ಹದಿನೈದು ವರ್ಷದಿಂದ ಯಾಕೆ ಹೇಳಲಿಲ್ಲ?" ಎಂದು ಬರೆದೆ. ಪೆನ್ಸಿಲ್ ಮುರಿಯಿತು.

"ನೀನು ಯಾವಾಗ್ಲೂ ಸಿಟ್ಟಲ್ಲಿ ಇರ್ತೀಯ ಅಂದ್ಕೊಂಡಿದ್ದೆ. ಕೂಗೋಳ ಹತ್ತಿರ ಹೋಗಿ ಯಾಕೆ ಕೂಗ್ತೀಯ ಅಂತ ಕೇಳೋಕೆ ಆಗುತ್ತಾ?"

ನಾನು ಸಿಟ್ಟಿನಲ್ಲಿರಲಿಲ್ಲ. ಅವರಿಗೆ ಕೇಳಿಸಲೆಂದು ಕೂಗುತ್ತಿದ್ದೆ. ಅದನ್ನು ಬರೆಯಲು ಬೇರೆ ಪೆನ್ಸಿಲ್ ಹುಡುಕಬೇಕಾಯಿತು. ಅವರು ಓದಿದರು. ಹಬೆಗೆ ಇಟ್ಟಿದ್ದ ನೀರು ಕುದಿಯುತ್ತಿತ್ತು. ಎದ್ದುಹೋಗಿ ಒಲೆ ಆರಿಸಿ, ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು. ಎಪ್ಪತ್ತಾರು ವರ್ಷದವರು. ಕೈ ಸುಟ್ಟುಕೊಂಡಿದ್ದರೆ ಗತಿಯೇನು ಎಂದು ನನಗೆ ಮತ್ತೆ ಸಿಟ್ಟು ಬಂತು.

ಏಪ್ರಿಲ್ 2, ಬುಧವಾರ

ಡಾಕ್ಟರಮ್ಮ ಕೊಟ್ಟ ರಜೆಯ ಚೀಟಿ ಕೊಡಲು ನಿಲ್ದಾಣಕ್ಕೆ ಹೋಗಿದ್ದೆ. ಬೇಸಿಗೆ ರಜೆಯ ಜನ, ಕಾಲಿಡಲು ಜಾಗವಿಲ್ಲ. ನನ್ನ ಕುರ್ಚಿಯಲ್ಲಿ ಟಿಕೆಟ್ ಕೌಂಟರಿನ ಹುಡುಗಿ ಕೂತಿದ್ದಳು. ಕತ್ತಿನ ನರ ಉಬ್ಬಿಸಿಕೊಂಡು ಮೈಕನ್ನು ಬಾಯಿಗೆ ಒತ್ತಿ ಕೂಗುತ್ತಿದ್ದಾಳೆ. ಆ ನರ ನೋಡಿ ನನ್ನ ಕೈ ನನ್ನ ಕತ್ತಿಗೇ ಹೋಯಿತು.

ಗಡಿಯಾರ ಸಾಹೇಬರು ಚೀಟಿಯನ್ನು ನೋಡಲೂ ಇಲ್ಲ. "ಒಳ್ಳೇ ಟೈಮಿಗೆ ಬಂದ್ರಿ! ನಾಲ್ಕೂ ಹತ್ತರ ಬಸ್ಸು ಎರಡರಿಂದ ಆರನೇ ಪ್ಲಾಟ್‌ಫಾರ್ಮಿಗೆ ಬದಲಾಗಿದೆ, ಜನ ಎಲ್ಲ ಎರಡರಲ್ಲೇ ನಿಂತಿದಾರೆ. ಒಂದೇ ಒಂದು ಅನೌನ್ಸ್‌ಮೆಂಟು. ನಿಮ್ಮ ಗಂಟಲಿಗೆ ಇದು ಯಾವ ಲೆಕ್ಕ?" ಎಂದು ಮೈಕನ್ನು ನನ್ನ ಮೂಗಿನ ಹತ್ತಿರ ತಂದರು.

ನಿಜ ಹೇಳುತ್ತೇನೆ, ನಾಲಿಗೆ ಎದ್ದಿತ್ತು. ಇಪ್ಪತ್ತೊಂದು ವರ್ಷದ ಅಭ್ಯಾಸ. "ಪ್ರಯಾಣಿಕರ ಗಮನಕ್ಕೆ" ಎಂಬುದು ಹಲ್ಲಿನ ಹಿಂದೆ ಬಂದು ನಿಂತಿತ್ತು. ಮೈಕಿನ ಸ್ವಿಚ್ ಆರಿಸಿ ಮೇಜಿನ ಮೇಲೆ ಇಟ್ಟೆ. ನೋಟ್‌ಬುಕ್ ತೆಗೆದು ಬರೆದೆ: "ಮೊದಲು ಆಂಪ್ಲಿಫೈಯರ್ ರಿಪೇರಿ ಮಾಡಿಸಿ."

"ಅದು ಕೆಟ್ಟಿದೆ ಅಂತ ಇಷ್ಟು ವರ್ಷ ಕೆಲಸ ನಿಂತಿತ್ತಾ?"

"ನಿಂತಿರಲಿಲ್ಲ. ನಾನು ಇದ್ದೆ," ಎಂದು ಬರೆದೆ.

ಅವರು ಗಡಿಯಾರ ನೋಡಿಕೊಂಡರು. ನಾಲ್ಕಕ್ಕೆ ಐದು ನಿಮಿಷ. ಪ್ರಯಾಣಿಕರು ನನಗೇನು ಅನ್ಯಾಯ ಮಾಡಿದ್ದಾರೆ? ಕಿಟಕಿಯ ಹತ್ತಿರವಿದ್ದ ಕಪ್ಪು ಹಲಗೆ ಇಳಿಸಿ, ಸೀಮೆಸುಣ್ಣದಲ್ಲಿ "4-10 ಬಸ್ಸು, ಪ್ಲಾಟ್‌ಫಾರ್ಮ್ 6" ಎಂದು ಅಂಗೈ ಅಗಲದ ಅಕ್ಷರದಲ್ಲಿ ಬರೆದು, ತಲೆಯ ಮೇಲೆ ಎತ್ತಿ ಹಿಡಿದು ಎರಡನೇ ಪ್ಲಾಟ್‌ಫಾರ್ಮಿನ ನಡುವೆ ನಡೆದೆ. ಜನ ಓದಿದರು, ಒಬ್ಬರಿಗೊಬ್ಬರು ಹೇಳಿಕೊಂಡು ಗಂಟುಮೂಟೆ ಎತ್ತಿಕೊಂಡು ಹೊರಟರು. ಒಬ್ಬ ಮುದುಕ, "ಇದೇ ಒಳ್ಳೇದು ಬಿಡಮ್ಮಾ, ಆ ಮೈಕಲ್ಲಿ ಹೇಳಿದ್ದು ಯಾವನಿಗೆ ಅರ್ಥ ಆಗ್ತಿತ್ತು," ಎಂದ. ಯಾರ ದನಿಯ ಬಗ್ಗೆ ಹೇಳುತ್ತಿದ್ದಾನೆಂದು ಪಾಪ ಅವನಿಗೆ ಗೊತ್ತಿಲ್ಲ. ನನಗೆ ಅವಮಾನವೂ ಆಯಿತು, ನಗುವೂ ಬಂತು. ಸದ್ದಿಲ್ಲದೆ ನಕ್ಕೆ.

ಹಲಗೆ ವಾಪಸ್ಸು ಇಟ್ಟು, ಕೌಂಟರಿನ ಹುಡುಗಿಯ ಮುಂದೆ ಒಂದು ಚೀಟಿ ಇಟ್ಟುಬಂದೆ: "ಕೂಗಬೇಡ ತಂಗಿ. ಕೇಳಿಸದಿದ್ದರೆ ಅದು ಅವರ ಪಾಡು."

ಏಪ್ರಿಲ್ 4, ಶುಕ್ರವಾರ

ಫೋನಿಗೆ ಸಾಹೇಬರ ಸಂದೇಶ. ಬುಧವಾರದೊಳಗೆ ಡ್ಯೂಟಿಗೆ ಬರದಿದ್ದರೆ ರೆಕಾರ್ಡ್ ಮಾಡಿದ ದನಿಯ ಮಿಷನ್ ಹಾಕಿಸುತ್ತಾರಂತೆ, ಆಮೇಲೆ ನನಗೆ ಅಲ್ಲಿ ಜಾಗವಿರುವುದಿಲ್ಲವಂತೆ.

ಗಂಡ ಓದಿ ಬಹಳ ಹೊತ್ತು ಕನ್ನಡಕ ಒರೆಸಿದರು. "ಹೋಗಿ ಎರಡು ದಿನ ಮೆಲ್ಲಗೆ ಮಾತಾಡಿ ಬರ್ತೀಯಾ?" ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ನನಗೂ ಅದೇ ಭಯ. ಆ ಕೆಲಸ ನನಗೆ ಇಷ್ಟ. ಯಾರದೋ ಅಮ್ಮ, ಯಾರದೋ ತಮ್ಮ ಸರಿಯಾದ ಬಸ್ಸು ಹತ್ತಿ ಮನೆ ಸೇರಿದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ. ಅದನ್ನು ಯಾವುದೋ ಮಿಷನ್ನಿಗೆ ಬಿಟ್ಟುಕೊಡಲು ಮನಸ್ಸಿಲ್ಲ.

ಆದರೂ "ಇಲ್ಲ" ಎಂದು ಬರೆದೆ. ಗಂಡ ಮತ್ತೇನೋ ಹೇಳಲು ಬಾಯಿ ತೆರೆದರು. "ಇಲ್ಲ"ದ ಕೆಳಗೆ ಎರಡು ಗೆರೆ ಎಳೆದೆ.

ಹಬೆ ಎರಡು ಸಲ. ನೀರು ಹತ್ತು ಲೋಟ. ಕಾಲಿಗೆ ಎಣ್ಣೆ ತಿಕ್ಕಿಕೊಂಡೆ, ಅದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ.

ಏಪ್ರಿಲ್ 7, ಸೋಮವಾರ

ಅರ್ಧಕ್ಕಿಂತ ಹೆಚ್ಚು ಕರಗಿವೆ! ಕೆಂಪು ಹೋಗಿದೆ. ಆಪರೇಷನ್ ಬೇಡ. ಡಾಕ್ಟರಮ್ಮ ಟಿ.ವಿ.ಯಲ್ಲಿ ಹಳೇ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ನನ್ನ ಗಂಟಲು ಇಷ್ಟು ಚಂದವಿದೆಯೆಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ತಿಂಗಳು ಪಥ್ಯ. ನಾಳೆಯಿಂದ ದಿನಕ್ಕೆ ಐದು ನಿಮಿಷ ಮಾತಾಡಬಹುದು, ಮೆತ್ತಗೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ. ಐದಕ್ಕೆ ಒಂದು ಸೆಕೆಂಡೂ ಹೆಚ್ಚು ಬೇಡ. ಮೈಕಂತೂ ಮೇ ತಿಂಗಳವರೆಗೆ ಮುಟ್ಟುವ ಹಾಗಿಲ್ಲ.

ಮನೆಗೆ ಬಂದು ಸುದ್ದಿ ಬರೆದು ತೋರಿಸಿದ್ದೇ ತಡ, ನನ್ನ ಐದು ನಿಮಿಷಕ್ಕೆ ಸಾಲು ನಿಂತಿತು. ಗಂಡನಿಗೆ ವಿದ್ಯುತ್ ಕಚೇರಿಗೆ ಫೋನ್ ಮಾಡಿಸಬೇಕಂತೆ, "ನಿನ್ನ ದನಿಗೇ ಅವರು ಹೆದರೋದು" ಎನ್ನುತ್ತಾರೆ. ಮಗಳ ಕಾಲೇಜಿನ ಆಫೀಸಿನವರು ಅರ್ಜಿ ತೆಗೆದುಕೊಳ್ಳುತ್ತಿಲ್ಲವಂತೆ, "ಎರಡೇ ನಿಮಿಷ ಬೈದುಬಿಡಮ್ಮ" ಎಂದಳು. ಅತ್ತೆ ಎಲ್ಲರ ಮುಖ ನೋಡಿ, ಏನು ವಿಷಯವೆಂದು ಮಗನನ್ನು ಕೇಳಿ ತಿಳಿದುಕೊಂಡರು. ಆಮೇಲೆ ನನ್ನನ್ನು ಕೇಳಿದರು, "ನಿಂಗೇನು ಬೇಕು ಹೇಳೇ?"

ಬರೆಯಲು ಪೆನ್ಸಿಲ್ ಎತ್ತಿದೆ. ನಾಳೆ ಹೇಳುತ್ತೇನೆ ಎಂದು ಬರೆದೆ.

ಏಪ್ರಿಲ್ 8, ಮಂಗಳವಾರ

ಹಬೆ ಮುಗಿಸಿ ಕೂದಲು ಬಾಚಿಕೊಳ್ಳುತ್ತಿದ್ದೆ. ಹನ್ನೊಂದು ಗಂಟೆಗೆ ಫೋನ್ ಬಂತು. ಮಗಳು ತೆಗೆದು, ಕೈ ಅಡ್ಡ ಹಿಡಿದು, "ನಿಮ್ಮ ಸಾಹೇಬ್ರು. ನಿನ್ನ ಹತ್ರಾನೇ ಮಾತಾಡ್ಬೇಕಂತೆ, ನೋಟ್‌ಬುಕ್ ಎಲ್ಲ ಬೇಡ್ವಂತೆ," ಎಂದಳು.

ಮಗಳ ಕೈಗಡಿಯಾರ ಬಿಚ್ಚಿಸಿಕೊಂಡು ಐದು ನಿಮಿಷಕ್ಕೆ ಇಟ್ಟೆ. ಫೋನನ್ನು ಕಿವಿಗೆ ಹಿಡಿದೆ.

"ನೋಡಮ್ಮಾ, ನಾಳೆ ಬೆಳಿಗ್ಗೆ ಆರಕ್ಕೆ ಡ್ಯೂಟಿ. ಬರ್ತೀರೋ ಇಲ್ವೋ, ಒಂದೇ ಮಾತಲ್ಲಿ ಹೇಳಿ."

ಕೈಗಡಿಯಾರದ ಗುಂಡಿ ಒತ್ತಿದೆ.

"ಬರಲ್ಲ," ಎಂದೆ.

ಐದು ವಾರದಲ್ಲಿ ನನ್ನ ಬಾಯಿಂದ ದನಿಯಾಗಿ ಬಂದ ಮೊದಲ ಮಾತು. ತಗ್ಗಿದ ದನಿ, ಸ್ವಲ್ಪ ಒರಟು, ಆದರೆ ಒಡೆದಿರಲಿಲ್ಲ. ಎಲ್ಲೂ ಹಿಂಡಲಿಲ್ಲ, ಎಲ್ಲೂ ನೋಯಲಿಲ್ಲ.

ನಾನೇ ಮುಂದುವರಿಸಿದೆ. "ಡಾಕ್ಟರು ಹೂಂ ಅಂದ ದಿನ ಬರ್ತೀನಿ. ಅಷ್ಟರೊಳಗೆ ಆಂಪ್ಲಿಫೈಯರ್ ಸರಿ ಮಾಡಿಸಿ. ಮಿಷನ್ ಹಾಕಿಸ್ತೀನಿ ಅಂದ್ರೆ ಹಾಕಿಸಿ. ನಾನು ಮಾತ್ರ ಇನ್ನು ಕೂಗಲ್ಲ."

"ಹಲೋ? ಯಾರು ಮಾತಾಡ್ತಿರೋದು?" ಎಂದರು ಸಾಹೇಬರು. "ಮೇಡಂಗೆ ಫೋನ್ ಕೊಡಿ."

ಇಪ್ಪತ್ತೊಂದು ವರ್ಷ ಅದೇ ಕಟ್ಟಡದಲ್ಲಿ, ಅದೇ ಗೋಡೆಯಾಚೆ ಕೂತ ಮನುಷ್ಯ. ನನ್ನ ದನಿ ಅವರಿಗೆ ಗುರುತೇ ಸಿಗಲಿಲ್ಲ.

"ನಾನೇ ಮಾತಾಡ್ತಿರೋದು," ಎಂದು ಹೇಳಿ ಫೋನ್ ಇಟ್ಟೆ.

ಗಡಿಯಾರದಲ್ಲಿ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಉಳಿದಿತ್ತು. ಗಂಡ ವಿದ್ಯುತ್ ಕಚೇರಿಯ ನಂಬರ್ ಬರೆದ ಚೀಟಿ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಅತ್ತೆಯ ಪಕ್ಕ ಹೋಗಿ ಕೂತು, ಮೆಲ್ಲಗೆ, "ಉಳಿದದ್ದು ನನಗೆ ಬೇಕು ಅತ್ತೆ," ಎಂದೆ. "ಏನಂದೆ?" ಎನ್ನಲಿಲ್ಲ ಅವರು. ಎದ್ದು ನನ್ನನ್ನು ಕೋಣೆಯೊಳಗೆ ಕಳಿಸಿ, ಬಾಗಿಲು ಎಳೆದುಕೊಂಡರು. ಹೊರಗೆ ಕುರ್ಚಿ ಹಾಕಿ ಕೂತ ಸದ್ದು ಕೇಳಿಸಿತು. "ಯಾರೂ ಕರೀಬೇಡಿ ಅವಳನ್ನ," ಎಂದು ಮನೆಗೆಲ್ಲ ಕೇಳುವಂತೆ ಹೇಳಿದರು.

ಕಿಟಕಿಯ ಪಕ್ಕ ಕಾಲು ನೀಡಿಕೊಂಡು ಕೂತೆ. ಮಾತಾಡಿದೆ. ಗಡಿಯಾರ ಕಿರುಗುಟ್ಟುವವರೆಗೂ ಮಾತಾಡಿದೆ, ನನಗೆ ಮಾತ್ರ ಕೇಳಿಸುವಷ್ಟು. ಏನು ಮಾತಾಡಿದೆನೆಂದು ಈ ಪುಸ್ತಕಕ್ಕೂ ಹೇಳುವುದಿಲ್ಲ.